ಹೊಸದಾಗಿ ಕೊಂಡ ಜಮೀನಿಗೆ ಎಂಥ ಟ್ರ್ಯಾಕ್ಟರ್ ಸೂಕ್ತ?

ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ, ಕೃಷಿಯೇತರ ಆದಾಯಕ್ಕೆ ಮಿತಿ ವಿಧಿಸಿದ್ದ 79ಎ ಸೇರಿದಂತೆ ಹಲವು ನಿರ್ಬಂಧಗಳು ತೆರವಾದವು. ಅಲ್ಲಿಂದೀಚೆಗೆ ನಗರದ ಉದ್ಯೋಗಸ್ಥರು, ನಿವೃತ್ತರು ಹಳ್ಳಿಗಳಲ್ಲಿ ಎರಡು, ಐದು, ಹತ್ತು ಎಕರೆ ಜಮೀನು ಕೊಳ್ಳುವುದು ಸುಲಭವಾಗಿದೆ. ನೋಂದಣಿ ಮುಗಿದು, ಪಹಣಿಯಲ್ಲಿ ಹೆಸರು ಬಂದು, ಬೇಲಿಯೂ ಎದ್ದ ಮೇಲೆ ಹೊಸ ಮಾಲೀಕರ ಮನಸ್ಸಿಗೆ ಬರುವ ಮೊದಲ ದೊಡ್ಡ ಖರೀದಿಯೆಂದರೆ ಟ್ರ್ಯಾಕ್ಟರ್. ಜಮೀನಿನ ನಂತರ ಕೃಷಿಯಲ್ಲಿ ಅತಿ ಹೆಚ್ಚು ಹಣ ತೊಡಗಿಸಬೇಕಾದ ವಸ್ತುವೂ ಅದೇ. ಆಯ್ಕೆ ತಪ್ಪಿದರೆ ಆರೇಳು ಲಕ್ಷ ರೂಪಾಯಿ ತೆತ್ತು ತಂದ ಯಂತ್ರ ವರ್ಷದ ಮುನ್ನೂರು ದಿನ ಕೊಟ್ಟಿಗೆಯಲ್ಲಿ ನಿಂತಿರುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಕಾರು ಕೊಳ್ಳುವ ಅಭ್ಯಾಸವಿರುವವರು ಟ್ರ್ಯಾಕ್ಟರನ್ನೂ ಅದೇ ಕ್ರಮದಲ್ಲಿ ಕೊಳ್ಳಲು ಹೊರಡುತ್ತಾರೆ. ಮೊದಲು ಕಂಪನಿ, ಬಳಿಕ ಮಾದರಿ, ಆನಂತರ ಬೆಲೆ, ಕೊನೆಗೆ ಜೊತೆಯ ಸಾಮಾನು. ಟ್ರ್ಯಾಕ್ಟರಿನ ವಿಷಯದಲ್ಲಿ ಈ ಕ್ರಮ ಪೂರ್ತಿ ತಿರುಗುಮುರುಗು. ಟ್ರ್ಯಾಕ್ಟರ್ ತಾನಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಕೆಲಸ ಮಾಡುವುದು ಅದರ ಹಿಂದೆ ಕಟ್ಟಿದ ರೆಂಟೆ, ಕಲ್ಟಿವೇಟರ್, ರೋಟವೇಟರ್, ಕೂರಿಗೆ ಅಥವಾ ಟ್ರೈಲರ್. ಆದ್ದರಿಂದ ಜಮೀನಿನಲ್ಲಿ ಯಾವ ಬೆಳೆ, ಅದಕ್ಕೆ ಯಾವ ಕೆಲಸ, ಆ ಕೆಲಸಕ್ಕೆ ಯಾವ ಉಪಕರಣ, ಆ ಉಪಕರಣವನ್ನು ಆ ಮಣ್ಣಿನಲ್ಲಿ ಎಳೆಯಲು ಎಷ್ಟು ಶಕ್ತಿ ಎಂಬ ಅನುಕ್ರಮದಲ್ಲಿ ಯೋಚಿಸಿದವರು ತಪ್ಪುವುದು ಕಡಿಮೆ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇನ್ನೊಂದಿದೆ: ಸ್ವಂತ ಟ್ರ್ಯಾಕ್ಟರ್ ಬೇಕೇ?

ಗಂಟೆಗಳ ಲೆಕ್ಕ

ಟ್ರ್ಯಾಕ್ಟರಿನ ದುಡಿಮೆಯನ್ನು ಅಳೆಯುವುದು ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಒಂದು ಎಕರೆಯನ್ನು ಒಮ್ಮೆ ಉಳಲು ಅರ್ಧದಿಂದ ಮುಕ್ಕಾಲು ಗಂಟೆ ಸಾಕು. ಐದು ಅಡಿ ಅಗಲದ ರೋಟವೇಟರಿಗೆ ಎಕರೆಗೆ ಒಂದು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ಐದು ಎಕರೆಯ ಮಳೆಯಾಶ್ರಿತ ರಾಗಿ ಹೊಲವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎರಡು ಸಲ ಉಳುಮೆಗೆ ಏಳು ಗಂಟೆ, ಒಮ್ಮೆ ರೋಟವೇಟರ್ ಹೊಡೆಯಲು ಆರು ಗಂಟೆ, ಬಿತ್ತನೆಗೆ ನಾಲ್ಕೈದು, ಗೊಬ್ಬರ ಸಾಗಿಸಲು ಎಂಟು ಹತ್ತು, ಕೊಯ್ಲಿನ ನಂತರದ ಸಾಗಾಟಕ್ಕೆ ಮತ್ತೆ ನಾಲ್ಕೈದು. ಎಲ್ಲ ಸೇರಿದರೆ ವರ್ಷಕ್ಕೆ ಮೂವತ್ತು ಗಂಟೆಯ ಆಸುಪಾಸು. ಧಾರಾಳವಾಗಿ ಹಿಡಿದರೂ 40 ಗಂಟೆ.

ಬಾಡಿಗೆ ದರ ಊರಿಂದೂರಿಗೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಲೆಕ್ಕದ ಅನುಕೂಲಕ್ಕೆ ಗಂಟೆಗೆ 1,200 ರೂಪಾಯಿ ಎಂದಿಟ್ಟುಕೊಂಡರೆ 40 ಗಂಟೆಗೆ 48,000 ರೂಪಾಯಿ. ಇದರ ಎದುರಿಗೆ ಸ್ವಂತ ಟ್ರ್ಯಾಕ್ಟರನ್ನು ಇಟ್ಟು ನೋಡಬೇಕು. ಯಂತ್ರಕ್ಕೆ ಏಳೂವರೆ ಲಕ್ಷ, ಟ್ರೈಲರ್ ಮತ್ತು ಉಪಕರಣಗಳಿಗೆ ಎರಡೂವರೆ ಲಕ್ಷ, ಒಟ್ಟು ಹತ್ತು ಲಕ್ಷ ರೂಪಾಯಿ ಹೂಡಿಕೆಯೆಂದೂ ಹತ್ತು ವರ್ಷದ ಬಳಿಕ ಎಲ್ಲವನ್ನೂ ಮಾರಿದರೆ ಎರಡೂವರೆ ಲಕ್ಷ ಕೈಗೆ ಬರುವುದೆಂದೂ ಭಾವಿಸೋಣ. ಆಗ ಸವಕಳಿಯೊಂದೇ ವರ್ಷಕ್ಕೆ 75,000 ರೂಪಾಯಿ. ಶೇ 10ರ ಬಡ್ಡಿಯನ್ನು ಸರಾಸರಿ ಹೂಡಿಕೆಯ ಮೇಲೆ ಲೆಕ್ಕ ಹಾಕಿದರೆ 62,500. ವಿಮೆ, ಕೊಟ್ಟಿಗೆ, ಓಡಿದರೂ ಓಡದಿದ್ದರೂ ತಪ್ಪದ ನಿರ್ವಹಣೆಗೆ 20,000. ಒಟ್ಟು ಒಂದೂವರೆ ಲಕ್ಷಕ್ಕೂ ಮಿಕ್ಕಿದ ಈ ವೆಚ್ಚ ಒಂದು ಸಾಲು ಉಳದಿದ್ದರೂ ಬರುವಂಥದು. ಡೀಸೆಲ್, ಚಾಲಕನ ಕೂಲಿ, ಆಯಿಲ್ ಸೇರಿ ಗಂಟೆಗೆ 600 ರೂಪಾಯಿ ಇದರ ಮೇಲೆ ಬೀಳುತ್ತದೆ. ಅಂದರೆ ಬಾಡಿಗೆಗೆ ಹೋಲಿಸಿದರೆ ಪ್ರತಿ ಗಂಟೆಗೆ ಉಳಿಯುವುದು 600 ರೂಪಾಯಿ. ಹೂಡಿಕೆ ಸರಿದೂಗಬೇಕಾದರೆ ವರ್ಷಕ್ಕೆ ಸುಮಾರು 260 ಗಂಟೆ ಯಂತ್ರ ದುಡಿಯಬೇಕು. ಮೇಲಿನ ಮಾದರಿಯ ರಾಗಿ ಬೇಸಾಯದಲ್ಲಿ ಅದು ನಲವತ್ತು ಎಕರೆಯ ಕೆಲಸ.

ಅಂಕಿಗಳನ್ನು ಅವರವರ ಊರಿನ ದರಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು, ಆದರೆ ಫಲಿತಾಂಶದ ದಿಕ್ಕು ಬದಲಾಗುವುದಿಲ್ಲ. ಹತ್ತು ಎಕರೆಯೊಳಗಿನ ಒಣ ಬೇಸಾಯಕ್ಕೆ ದೊಡ್ಡ ಟ್ರ್ಯಾಕ್ಟರ್ ಕೇವಲ ಸ್ವಂತ ಬಳಕೆಗಾಗಿ ಲಾಭದಾಯಕವಲ್ಲ. ಹಳ್ಳಿಯ ಸಣ್ಣ ರೈತರು ಟ್ರ್ಯಾಕ್ಟರ್ ಇಟ್ಟುಕೊಂಡು ನಿಭಾಯಿಸುವುದು ಅಕ್ಕಪಕ್ಕದವರ ಹೊಲ ಉತ್ತು, ಇಟ್ಟಿಗೆ, ಮರಳು, ಕಬ್ಬು ಸಾಗಿಸಿ. ವಾರಾಂತ್ಯಕ್ಕೆ ಮಾತ್ರ ಬಂದುಹೋಗುವ ನಗರವಾಸಿಗೆ ಆ ದಾರಿ ಸಲೀಸಲ್ಲ.

ಬಾಡಿಗೆಯ ಪರವಾದ ಈ ಲೆಕ್ಕಕ್ಕೆ ಒಂದು ಬಲವಾದ ಪ್ರತಿವಾದವೂ ಇದೆ. ಅದು ಹದದ ಪ್ರಶ್ನೆ. ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಊರಿನ ಎಲ್ಲರಿಗೂ ಅದೇ ಮೂರು ದಿನ ಟ್ರ್ಯಾಕ್ಟರ್ ಬೇಕು. ಬಾಡಿಗೆಯವನು ಮೊದಲು ತನ್ನ ಹೊಲ, ಆಮೇಲೆ ತನ್ನ ನೆಂಟರದು, ಅದಾದ ಮೇಲೆ ಹಳೆಯ ಗಿರಾಕಿಗಳದು ಮುಗಿಸಿ ಹೊಸಬರ ಕಡೆಗೆ ಬರುವ ಹೊತ್ತಿಗೆ ಹದ ಆರಿರುತ್ತದೆ. ಈ ಕಾರಣಕ್ಕಾಗಿಯೇ ಲೆಕ್ಕ ಕೂಡದಿದ್ದರೂ ಸ್ವಂತ ಯಂತ್ರ ಇಟ್ಟುಕೊಂಡವರಿದ್ದಾರೆ, ಅವರನ್ನು ದಡ್ಡರೆನ್ನಲಾಗದು. ಆದರೂ ಮೊದಲ ಒಂದು ವರ್ಷ ಬಾಡಿಗೆಯಲ್ಲಿ ಕಳೆಯುವುದೇ ವಿವೇಕ. ಎಷ್ಟು ಗಂಟೆ, ಯಾವ ಕೆಲಸಕ್ಕೆ, ಯಾವ ಉಪಕರಣ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಎರಡನೆಯ ವರ್ಷ ಯಾವ ಮಾರಾಟಗಾರನ ಸಲಹೆಯೂ ಬೇಕಾಗುವುದಿಲ್ಲ. ಮೇಲಾಗಿ, ಮೊದಲ ವರ್ಷದ ಭಾರಿ ಕೆಲಸಗಳಾದ ಜಾಲಿ, ಲಂಟಾನ ಕೀಳುವುದು, ಬಂಡೆ ಸರಿಸುವುದು, ಬದು ಹಾಕುವುದು, ಕೃಷಿ ಹೊಂಡ ತೋಡುವುದು ಟ್ರ್ಯಾಕ್ಟರಿಗೆ ಹೇಳಿಸಿದ್ದೇ ಅಲ್ಲ. ಅವು ಜೆಸಿಬಿಯ ಪಾಲಿನವು.

ಬಾಡಿಗೆಗೆ ಖಾಸಗಿಯವರನ್ನೇ ನೆಚ್ಚಬೇಕೆಂದಿಲ್ಲ. ರಾಜ್ಯದಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಆರಂಭವಾದ 'ಕೃಷಿ ಯಂತ್ರಧಾರೆ' ಬಾಡಿಗೆ ಕೇಂದ್ರಗಳಿವೆ. ಎಲ್ಲ ಕಡೆ ಒಂದೇ ಸಮನಾಗಿ ನಡೆಯುತ್ತಿಲ್ಲವಾದರೂ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ಆ ಹೋಬಳಿಯ ಸ್ಥಿತಿ ತಿಳಿಯುತ್ತದೆ.

ಮಣ್ಣು ನಿರ್ಧರಿಸುವ ಶಕ್ತಿ

ಒಂದೇ ಟ್ರ್ಯಾಕ್ಟರ್ ಕೋಲಾರದಲ್ಲಿ ಬಲಶಾಲಿಯಾಗಿ, ಗದಗದಲ್ಲಿ ಬಡಕಲಾಗಿ ತೋರುವುದು ಸಹಜ. ಗದಗ, ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲ ಒಣಗಿದಾಗ ಕಲ್ಲಿನಂತೆ ಗಟ್ಟಿ, ನೆನೆದಾಗ ಚಕ್ರ ಹಿಡಿಯುವ ಅಂಟು. ನಡುವೆ ಸಿಗುವ ಹದದ ದಿನಗಳು ಕೆಲವೇ. ಆ ಅಲ್ಪ ಅವಧಿಯಲ್ಲಿ ಆಳವಾಗಿ ರೆಂಟೆ ಹೊಡೆದು ಕರಿಕೆಯನ್ನು ಬುಡಸಹಿತ ಮೇಲೆತ್ತಬೇಕಾದರೆ 45ರಿಂದ 50 ಎಚ್‌ಪಿಯ ಯಂತ್ರ ಬೇಕಾಗುತ್ತದೆ. ಎರಡು ಹಲಗೆಯ ಪಲ್ಟಿ ರೆಂಟೆಯನ್ನು ಎರೆಯಲ್ಲಿ ಎಳೆಯುವುದು 30 ಎಚ್‌ಪಿಯವುಗಳಿಗೆ ಆಗುವ ಮಾತಲ್ಲ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ರಾಮನಗರಗಳ ಕೆಮ್ಮಣ್ಣು ಹಗುರ. ಇಲ್ಲಿ 35ರಿಂದ 40 ಎಚ್‌ಪಿಯ ಯಂತ್ರ ಕಲ್ಟಿವೇಟರ್, ಐದು ಅಡಿಯ ರೋಟವೇಟರ್, ಟ್ರೈಲರ್ ಮೂರನ್ನೂ ನಿಭಾಯಿಸುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಮಹೀಂದ್ರ 275, ಮ್ಯಾಸಿ ಫರ್ಗುಸನ್ 1035, ಸ್ವರಾಜ್ 735 ಮಾದರಿಗಳು ಈ ವರ್ಗದವು. ಈ ಭಾಗದ ತೊಂದರೆ ಮಣ್ಣಿನ ಗಟ್ಟಿತನವಲ್ಲ, ಕಲ್ಲು. ಕಲ್ಲಿನ ಹೊಲದಲ್ಲಿ ರೋಟವೇಟರಿನ ಅಲಗುಗಳು ಮುರಿಯುತ್ತವೆ. ಅಡ್ಡ ಬಂದ ಕಲ್ಲಿಗೆ ಹಲ್ಲು ಹಿಂದೆ ಬಾಗಿ ಮತ್ತೆ ಸ್ವಸ್ಥಾನಕ್ಕೆ ಬರುವ ಸ್ಪ್ರಿಂಗ್ ಕಲ್ಟಿವೇಟರ್ ಇಲ್ಲಿಗೆ ಯೋಗ್ಯ.

ಮಂಡ್ಯದ ನಾಲಾ ಬಯಲು, ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳದು ಬೇರೆಯೇ ಕಥೆ. ಕೆಸರು ಮಾಡುವಾಗ ಶಕ್ತಿಗಿಂತ ಹಿಡಿತ ಮುಖ್ಯ. ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹರಿಯುವ 4 ವೀಲ್ ಡ್ರೈವ್ ಯಂತ್ರಕ್ಕೆ ಕೊಟ್ಟ ಹೆಚ್ಚುವರಿ ಬೆಲೆ ಸಾರ್ಥಕವಾಗುವುದು ಇಲ್ಲಿ ಮತ್ತು ಕೊಡಗು, ಚಿಕ್ಕಮಗಳೂರಿನ ಇಳಿಜಾರು ತೋಟಗಳಲ್ಲಿ. ಬಯಲುಸೀಮೆಯ ಸಮತಟ್ಟಾದ ಒಣ ಹೊಲಕ್ಕೆ ಅದು ಅನಗತ್ಯ ಖರ್ಚು. ಗದ್ದೆಗೆ ಕಬ್ಬಿಣದ ಕೇಜ್ ವೀಲ್ ಕಟ್ಟುವವರು ಅದನ್ನು ಬಿಚ್ಚದೆ ಡಾಂಬರು ರಸ್ತೆಗೆ ಇಳಿಯುವುದು ಜಗಳಕ್ಕೂ ದಂಡಕ್ಕೂ ದಾರಿ.

ಭೂಮಿಯ ಸ್ವರೂಪದ ಜೊತೆಗೆ ಅಲ್ಲಿಗೆ ಹೋಗುವ ದಾರಿಯನ್ನೂ ನೋಡಬೇಕೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಗ್ರಾಮ ನಕಾಶೆಯಲ್ಲಿರುವ ಬಂಡಿದಾರಿ ನೆಲದ ಮೇಲೆ ಎಷ್ಟು ಅಗಲ ಉಳಿದಿದೆ, ತಿರುವಿನಲ್ಲಿ ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್ ತಿರುಗೀತೇ ಎಂದು ಟೇಪು ಹಿಡಿದು ಅಳೆದೇ ತಿಳಿಯಬೇಕು. ಕಾರಿನ ಅಗಲಕ್ಕೆ ಗೇಟು ಇಟ್ಟು, ಬಳಿಕ ಕಂಬ ಕಿತ್ತ ತೋಟಗಳು ಬೆಂಗಳೂರಿನ ಸುತ್ತ ಕಡಿಮೆಯಿಲ್ಲ. ಗೇಟಿಗೆ ಹನ್ನೆರಡು ಅಡಿ ಬಿಟ್ಟರೆ ಆ ಪಜೀತಿ ತಪ್ಪುತ್ತದೆ.

ತೋಟಕ್ಕೆ ಚಿಕ್ಕದೇ ಲೇಸು

ನಗರದಿಂದ ಬಂದವರಲ್ಲಿ ಹೆಚ್ಚಿನವರು ಹಾಕುವುದು ರಾಗಿಯನ್ನಲ್ಲ; ಅಡಿಕೆ, ತೆಂಗು, ಮಾವು, ನುಗ್ಗೆ, ಶ್ರೀಗಂಧ ಮುಂತಾದ ಬಹುವಾರ್ಷಿಕ ಬೆಳೆಗಳನ್ನು. ಇಲ್ಲಿ ನಿರ್ಣಾಯಕವಾಗುವುದು ಯಂತ್ರದ ಶಕ್ತಿಯಲ್ಲ, ಅಗಲ. ಅಡಿಕೆಗೆ ಶಿಫಾರಸಾಗಿರುವ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಸಾಲಿನ ನಡುವೆ ಬಾಳೆಯನ್ನೋ ಕೋಕೋವನ್ನೋ ಇಟ್ಟು, ಡ್ರಿಪ್ ಪೈಪೂ ಹಾಸಿದ ಮೇಲೆ ಉಳಿಯುವ ಜಾಗದಲ್ಲಿ ಐದೂವರೆ ಆರು ಅಡಿ ಅಗಲದ ದೊಡ್ಡ ಟ್ರ್ಯಾಕ್ಟರ್ ನುಗ್ಗಿದರೆ ಗಿಡ ಉಳಿಯುವುದಿಲ್ಲ. ಮೂರರಿಂದ ನಾಲ್ಕು ಅಡಿ ಅಗಲದ, 18ರಿಂದ 27 ಎಚ್‌ಪಿಯ ಮಿನಿ ಟ್ರ್ಯಾಕ್ಟರುಗಳು ರೂಪುಗೊಂಡಿರುವುದೇ ಇಂಥ ಕಡೆಗೆ. ಬೆಂಗಳೂರು ಮೂಲದ ವಿಎಸ್‌ಟಿ ಕಂಪನಿಯ 18.5 ಎಚ್‌ಪಿಯ ಯಂತ್ರ, ಮಹೀಂದ್ರದ ಜೀವೋ, ಕುಬೋಟಾದ ನಿಯೋಸ್ಟಾರ್ ಈ ವರ್ಗದ ಪರಿಚಿತ ಹೆಸರುಗಳು. ತೆಂಗು, ಮಾವಿನ ತೋಟಗಳಲ್ಲಿ ಅಂತರ 25 ಅಡಿಗೂ ಮೇಲಿರುವುದರಿಂದ ದೊಡ್ಡ ಯಂತ್ರವೂ ಓಡಾಡಬಲ್ಲದು. ಆದರೆ ಮಾವಿನ ರೆಂಬೆಗಳು ಬಾಗಿದ ಮೇಲೆ ಎತ್ತರದ ಸೈಲೆನ್ಸರ್ ಸಿಕ್ಕಿಕೊಳ್ಳುವ ಸಾಧ್ಯತೆಯನ್ನು ಮರೆಯುವಂತಿಲ್ಲ.

ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುವಂಥದು. ಮಿನಿ ಟ್ರ್ಯಾಕ್ಟರ್ ಬಂತೆಂಬ ಉಮೇದಿನಲ್ಲಿ ತಿಂಗಳಿಗೊಮ್ಮೆ ರೋಟವೇಟರ್ ಹೊಡೆದು ಬೇರು ಕತ್ತರಿಸಿ, ಆಮೇಲೆ ಮರಗಳು ಸೊರಗಿದವೆಂದು ಗೊಬ್ಬರ ಸುರಿಯುವವರಿದ್ದಾರೆ. ಬೆಳೆದ ತೋಟಕ್ಕೆ ಉಳುಮೆಗಿಂತ ಕಳೆ ಕತ್ತರಿಸುವ, ಗೊಬ್ಬರ ಸಾಗಿಸುವ, ಔಷಧ ಸಿಂಪಡಿಸುವ ಉಪಕರಣಗಳು ಹೆಚ್ಚು ಉಪಯುಕ್ತ. ಗರಿಕೆ ಬಿದ್ದ ಜಾಗದಲ್ಲೂ ರೋಟವೇಟರಿನ ಬಗ್ಗೆ ಎಚ್ಚರ ಬೇಕು. ಅದು ಗರಿಕೆಯನ್ನು ನಾಶ ಮಾಡುವುದಿಲ್ಲ, ತುಂಡರಿಸಿ ಹೊಲದ ತುಂಬ ನಾಟಿ ಮಾಡುತ್ತದೆ! ವರ್ಷಗಟ್ಟಲೆ ಒಂದೇ ಆಳಕ್ಕೆ ಹೊಡೆದರೆ ಅದರ ಕೆಳಗೆ ಗಟ್ಟಿ ಪದರ ಕಟ್ಟಿ ಮಳೆನೀರು ಇಂಗದಂತಾಗುವುದೂ ಉಂಟು.

ಮಲೆನಾಡಿನ ಕಣಿವೆಯ ಹಳೆಯ ಅಡಿಕೆ ತೋಟಗಳಲ್ಲಿ ಸಾಲಿಗೊಂದು ಬಸಿಗಾಲುವೆ ಇರುವುದರಿಂದ ಮಿನಿ ಟ್ರ್ಯಾಕ್ಟರೂ ಇಳಿಯಲಾರದು. ಅಂಥ ಕಡೆ, ಹಾಗೂ ಎರಡು ಮೂರು ಎಕರೆಯ ಸಣ್ಣ ಗದ್ದೆಗಳಲ್ಲಿ, 13 ಎಚ್‌ಪಿಯ ಪವರ್ ಟಿಲ್ಲರ್ ಸಾಕು. ಅದರ ಹಿಂದೆ ನಡೆಯುವವರಿಗೆ ಮೈ ಕಸುವಿರಬೇಕು ಎಂಬುದೊಂದೇ ಷರತ್ತು. ಅರವತ್ತು ದಾಟಿ ಹಳ್ಳಿಗೆ ಮರಳಿದವರು ಅದನ್ನು ಅರ್ಧ ದಿನ ನಡೆಸಿ ನೋಡಿಯೇ ಹಣ ಕಟ್ಟುವುದು ಒಳ್ಳೆಯದು.

ಎಚ್‌ಪಿ ಎಂಬ ಅಂಕಿಯ ಹಿಂದೆ

ಬಾನೆಟ್ಟಿನ ಮೇಲೆ ಬರೆದಿರುವ ಎಚ್‌ಪಿ ಎಂಜಿನ್ನಿನ ಶಕ್ತಿ. ರೋಟವೇಟರ್, ಸ್ಪ್ರೇಯರ್ ಮೊದಲಾದವುಗಳಿಗೆ ಸಿಗುವುದು ಹಿಂಬದಿಯ ತಿರುಗುವ ದಂಡದ, ಅಂದರೆ ಪಿಟಿಒದ ಶಕ್ತಿ. ಇದು ಸಾಮಾನ್ಯವಾಗಿ ಎಂಜಿನ್ ಶಕ್ತಿಯ ಶೇ 85ರಿಂದ 90ರಷ್ಟಿರುತ್ತದೆ. ಎರಡು ಕಂಪನಿಗಳ 45 ಎಚ್‌ಪಿ ಯಂತ್ರಗಳನ್ನು ಹೋಲಿಸುವಾಗ ಕೇಳಬೇಕಾದದ್ದು ಪಿಟಿಒ ಶಕ್ತಿ, ಹೈಡ್ರಾಲಿಕ್ ಎತ್ತುವ ಭಾರ ಮತ್ತು ಯಂತ್ರದ ತೂಕ. ತೂಕದ ಮಾತು ಬಂದಾಗ ಹೊಸಬರು ಹಗುರವಾದದ್ದೇ ಒಳ್ಳೆಯದೆಂದು ಎಣಿಸುವುದುಂಟು. ತೋಟದಲ್ಲಿ ಅದು ನಿಜ, ಎಳೆಯುವ ಕೆಲಸದಲ್ಲಿ ಅಲ್ಲ. ತೂಕವಿಲ್ಲದ ಟ್ರ್ಯಾಕ್ಟರಿನ ಹಿಂಚಕ್ರ ನೆಲ ಕಚ್ಚದೆ ನಿಂತಲ್ಲೇ ಸುತ್ತುತ್ತದೆ, ಡೀಸೆಲ್ ಉರಿಯುತ್ತದೆ, ಟೈರು ಸವೆಯುತ್ತದೆ. ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟುವುದು, ಟೈರಿನೊಳಗೆ ನೀರು ತುಂಬುವುದು ಇದಕ್ಕಾಗಿಯೇ.

ಮಾರುಕಟ್ಟೆಯಲ್ಲಿ 49 ಎಚ್‌ಪಿ ಚಿಲ್ಲರೆಯ ಯಂತ್ರಗಳು ಕಾಣಿಸುವುದಕ್ಕೂ ಒಂದು ಕಾರಣವಿದೆ. ಹೊಗೆಯ ಕುರಿತಾದ ಟ್ರೆಮ್-4 ನಿಯಮ 2023ರ ಜನವರಿ 1ರಿಂದ 50 ಎಚ್‌ಪಿ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಜಾರಿಯಾಯಿತು. ಆ ಗೆರೆ ದಾಟಿದ ಎಂಜಿನ್ನುಗಳಿಗೆ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ಬಂದು ಬೆಲೆಯೂ ಏರಿತು, ಹಳ್ಳಿಯ ಮೆಕ್ಯಾನಿಕ್ ಕೈಯಲ್ಲಿ ರಿಪೇರಿಯಾಗುವುದೂ ಕಷ್ಟವಾಯಿತು. ಕಬ್ಬಿನ ಜೋಡಿ ಟ್ರೈಲರ್ ಎಳೆಯುವವರನ್ನು ಬಿಟ್ಟರೆ ಹೊಸ ಮಾಲೀಕರಿಗೆ 50ರ ಆಚೆ ಹೋಗುವ ಅಗತ್ಯ ವಿರಳ.

ಕಂಪನಿಯ ಪ್ರಚಾರ ಪತ್ರಿಕೆಗಿಂತ ನಂಬಲರ್ಹವಾದ ದಾಖಲೆಯೂ ಇದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಪಿಟಿಒ ಶಕ್ತಿ, ಇಂಧನ ಬಳಕೆ, ಎತ್ತುವ ಸಾಮರ್ಥ್ಯಗಳನ್ನು ದಾಖಲಿಸುತ್ತದೆ. ಯಾವ ಮಾದರಿಯನ್ನೇ ಆಗಲಿ, ಅದರ ಪರೀಕ್ಷಾ ವರದಿ ತೋರಿಸಿ ಎಂದು ಮಾರಾಟಗಾರರನ್ನು ಕೇಳಬಹುದು. ಹಲವು ಕಂಪನಿಗಳ ಯಂತ್ರಗಳನ್ನು ಒಂದೇ ಕಡೆ ನೋಡಬೇಕೆನ್ನುವವರಿಗೆ ಬೆಂಗಳೂರಿನ ಜಿಕೆವಿಕೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳಗಳು ಅನುಕೂಲ.

ಹಾಗಾದರೆ ಕಂಪನಿ ಯಾವುದು? ಇದಕ್ಕೆ ಉತ್ತರ ಜಾಹೀರಾತಿನಲ್ಲಿಲ್ಲ, ಊರಿನಲ್ಲಿದೆ. ಜಮೀನಿನಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಯಾವ ಕಂಪನಿಯ ಯಂತ್ರಗಳು ಹೆಚ್ಚಿವೆಯೋ ಅದರ ಬಿಡಿಭಾಗ ಹೋಬಳಿಯಲ್ಲೇ ಸಿಗುತ್ತದೆ, ಅದರ ಕೈಚಳಕ ತಿಳಿದ ಮೆಕ್ಯಾನಿಕ್ ಇರುತ್ತಾನೆ, ಮಾರುವಾಗ ಗಿರಾಕಿಯೂ ಇರುತ್ತಾನೆ. ಬಿತ್ತನೆಯ ದಿನ ಕ್ಲಚ್ ಪ್ಲೇಟ್ ಹೋದರೆ ಅದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಹೊತ್ತಿಗೆ ಹದ ತಪ್ಪಿರುತ್ತದೆ.

ಹಳೆಯದನ್ನು ಕೊಳ್ಳುವವರು

ಕಡಿಮೆ ಗಂಟೆಯ ಕೆಲಸಕ್ಕೆ ಹಳೆಯ ಟ್ರ್ಯಾಕ್ಟರ್ ಉತ್ತಮ ಆಯ್ಕೆಯಾಗಬಲ್ಲದು, ಏಕೆಂದರೆ ಸವಕಳಿಯ ಬಹುಪಾಲನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. ಪರಿಶೀಲನೆಯನ್ನು ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗ ಮಾಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಲು ಕಾರಣವಿದೆ. ಚಾಲೂ ಆದ ಮೇಲೆ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಹೈಡ್ರಾಲಿಕ್ ಪರೀಕ್ಷೆ ಸುಲಭ: ಭಾರದ ಉಪಕರಣವನ್ನು ಪೂರ್ತಿ ಎತ್ತಿಸಿ, ಎಂಜಿನ್ ನಿಲ್ಲಿಸಿ, ದೂರ ನಿಂತು ನೋಡುವುದು. ಸರಸರನೆ ಕೆಳಗಿಳಿದರೆ ಒಳಗೆ ಸೋರಿಕೆಯಿದೆ. ಹಿಂದಿನ ಜೋಡಿ ಟೈರು ಸವೆದಿದ್ದರೆ ಹೊಸದರ ಬೆಲೆಯನ್ನು ಚೌಕಾಶಿಯಲ್ಲಿ ಕಳೆಯಬೇಕು. ಗಂಟೆಯ ಮೀಟರನ್ನು ಪೂರ್ತಿ ನಂಬುವಂತಿಲ್ಲ, ಪೆಡಲುಗಳ ಸವೆತ ಅದಕ್ಕಿಂತ ಪ್ರಾಮಾಣಿಕ.

ಕಾಗದಪತ್ರಗಳಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆ ಆರ್‌ಸಿಯೊಂದಿಗೆ ತಾಳೆಯಾಗುತ್ತದೆಯೇ, ಬ್ಯಾಂಕಿನ ಸಾಲ ತೀರಿ ನಿರಾಕ್ಷೇಪಣಾ ಪತ್ರ ಬಂದಿದೆಯೇ ಎಂಬೆರಡು ಮುಖ್ಯ. ಟ್ರೈಲರಿಗೆ ಪ್ರತ್ಯೇಕ ನೋಂದಣಿಯಿರುತ್ತದೆ, ಅದರ ದಾಖಲೆಯನ್ನೂ ಪಡೆಯಬೇಕು. ಹರಿಯಾಣದ ಪಿಂಜೋರಿನಲ್ಲಿ 1971ರಿಂದ ತಯಾರಾಗುತ್ತಿದ್ದ ಎಚ್‌ಎಂಟಿ ಟ್ರ್ಯಾಕ್ಟರುಗಳು ಇಂದಿಗೂ ಕಡಿಮೆ ಬೆಲೆಗೆ ಸಿಗುತ್ತವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಸಂಸ್ಥೆಯ ಯಂತ್ರವೆಂಬ ಅಭಿಮಾನ ರಾಜ್ಯದ ಹಳಬರಲ್ಲಿ ಉಳಿದಿದೆ. ಆದರೆ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಮೆಕ್ಯಾನಿಕ್ ಮನೆಯಲ್ಲೇ ಇರುವವರ ಹೊರತು ಇತರರಿಗೆ ಅದು ಹೊಂದುವುದಿಲ್ಲ.

ತೆರಿಗೆ, ಸಾಲ, ಸಹಾಯಧನ

ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಸಲಾಯಿತು. ಟ್ರ್ಯಾಕ್ಟರ್ ಟೈರು ಮತ್ತು ಹಲವು ಬಿಡಿಭಾಗಗಳ ತೆರಿಗೆಯೂ ಶೇ 18ರಿಂದ ಶೇ 5ಕ್ಕೆ ಬಂತು. ಹಳೆಯ ಬೆಲೆಪಟ್ಟಿ ಹಿಡಿದು ವ್ಯವಹರಿಸುವವರು ಇದನ್ನು ಗಮನದಲ್ಲಿಡಬೇಕು.

ಸಹಾಯಧನದ ಮೊತ್ತ, ಅರ್ಹತೆ ಆಯಾ ವರ್ಷದ ಅನುದಾನಕ್ಕೆ ತಕ್ಕಂತೆ ಬದಲಾಗುವುದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಹೆಜ್ಜೆ ಇಡಬೇಕು. ಪಹಣಿ ತಮ್ಮ ಹೆಸರಿಗೆ ಬಂದು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗುವವರೆಗೆ ಹೊಸ ಮಾಲೀಕರು ಅರ್ಜಿ ಹಾಕುವಂತಿಲ್ಲ. ಮೊದಲು ಯಂತ್ರ ಕೊಂಡು ಆಮೇಲೆ ಸಹಾಯಧನ ಕೇಳಿದರೆ ಸಿಗದು, ಮಂಜೂರಾತಿ ಮೊದಲು ಬರಬೇಕು. ಸಾಲದ ಮಾತು ಬಂದಾಗ ಕಂತನ್ನು ತಿಂಗಳ ಸಂಬಳದ ಲೆಕ್ಕದಲ್ಲಿ ಕಟ್ಟುವುದೋ, ಫಸಲಿನ ಲೆಕ್ಕದಲ್ಲಿ ಆರು ತಿಂಗಳಿಗೊಮ್ಮೆ ಕಟ್ಟುವುದೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಟ್ರ್ಯಾಕ್ಟರಿನ ಜೊತೆಗೆ ಜಮೀನನ್ನೂ ಅಡಮಾನ ಕೇಳುವ ಬ್ಯಾಂಕುಗಳಿವೆ. ಸಹಿ ಹಾಕುವ ಮೊದಲು ಆ ಪುಟವನ್ನು ಓದಬೇಕು.

ಚಾಲಕನ ಆಸನದಲ್ಲಿ

ಲಘು ಮೋಟಾರು ವಾಹನದ ಪರವಾನಗಿ ಇದ್ದವರು ಕೃಷಿಗೆ ಬಳಸುವ ಟ್ರ್ಯಾಕ್ಟರನ್ನು ಓಡಿಸಬಹುದು. ಆದರೆ ಕಾರು ಓಡಿಸಲು ಬಲ್ಲವರೆಲ್ಲ ಟ್ರ್ಯಾಕ್ಟರ್ ಬಲ್ಲವರಲ್ಲ. ಇಲ್ಲಿ ಬ್ರೇಕ್ ಪೆಡಲುಗಳು ಎರಡು, ಒಂದೊಂದು ಹಿಂಚಕ್ರಕ್ಕೆ ಒಂದೊಂದು. ಹೊಲದ ಅಂಚಿನಲ್ಲಿ ಗಿರಕನೆ ತಿರುಗಲು ಒಂದನ್ನೇ ಒತ್ತುವ ಅನುಕೂಲವಿದು. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಕೊಂಡಿಯಿಂದ ಜೋಡಿಸದಿದ್ದರೆ ವೇಗದಲ್ಲಿ ಬ್ರೇಕ್ ಹಾಕಿದೊಡನೆ ಯಂತ್ರ ಒಂದೇ ಪಕ್ಕಕ್ಕೆ ಎಳೆದು ಮಗುಚುತ್ತದೆ. ಮರದ ಬುಡ ಕೀಳಲು, ಹೂತ ವಾಹನ ಎಳೆಯಲು ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಅದಕ್ಕಿಂತ ಮೇಲೆ ಎಲ್ಲಿ ಕಟ್ಟಿದರೂ ಮುಂದಿನ ಚಕ್ರ ಮೇಲೆದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಹಿಮ್ಮುಖವಾಗಿ ಬೀಳುವ ಅಪಾಯವಿದೆ. ಅದು ಕ್ಷಣಾರ್ಧದಲ್ಲಿ ನಡೆದುಹೋಗುತ್ತದೆ, ಹಾರಿಕೊಳ್ಳಲು ಸಮಯವಿರುವುದಿಲ್ಲ. ಚಾಲಕನನ್ನು ರಕ್ಷಿಸುವ ಕಬ್ಬಿಣದ ಚೌಕಟ್ಟು ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ. ಇಳಿಜಾರು ಜಮೀನಿನವರು ಅದಿರುವ ಮಾದರಿಯನ್ನೇ, ಸೀಟ್ ಬೆಲ್ಟ್ ಸಹಿತ, ಆರಿಸಬೇಕು.

ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಪಂಚೆಯ ಅಂಚು, ಸೆರಗು, ಟವಲು ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ದಂಡದ ಪ್ಲಾಸ್ಟಿಕ್ ಕವಚವನ್ನು ಗ್ರೀಸ್ ಹಾಕಲು ಅಡ್ಡಿಯೆಂದು ಕಿತ್ತೆಸೆಯುವ ರೂಢಿ ಹಳ್ಳಿಗಳಲ್ಲಿದೆ. ಹೊಸ ಮಾಲೀಕರು ಆ ರೂಢಿಗೆ ಒಗ್ಗಬಾರದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿ ತೋಟ ಸುತ್ತಿಸುವ ವಾರಾಂತ್ಯದ ಸಂಭ್ರಮವೂ ಬೇಡ. ಅಲ್ಲಿ ಕೂತವರು ಜಾರಿದರೆ ಬೀಳುವುದು ಹಿಂಚಕ್ರದ ಮುಂದೆ. ಟ್ರೈಲರಿನಲ್ಲಿ ಜನರನ್ನು ಸಾಗಿಸುವಾಗ ಅಪಘಾತವಾದರೆ ವಿಮಾ ಕಂಪನಿ ಹೊಣೆ ನಿರಾಕರಿಸುತ್ತದೆ, ಪರಿಹಾರದ ಭಾರ ಮಾಲೀಕನ ತಲೆಗೆ ಬರುತ್ತದೆ.

ಚಾಲನೆ, ನಿರ್ವಹಣೆಗಳನ್ನು ಕ್ರಮವಾಗಿ ಕಲಿಯಬಯಸುವವರಿಗೆ ಬುದ್ನಿಯಂಥದೇ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯೊಂದು ನೆರೆಯ ಆಂಧ್ರಪ್ರದೇಶದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳವರಿಗೆ ಅದು ದೂರವೇನಲ್ಲ.

ಯಂತ್ರ ಮನೆಗೆ ಬಂದ ಮೇಲೆ ಮೊದಲ ಸರ್ವೀಸ್ ಸಾಮಾನ್ಯವಾಗಿ 50 ಗಂಟೆಗೆ. ಹೊಸ ಗೇರುಗಳಿಂದ ಉದುರುವ ಲೋಹದ ಪುಡಿ ಆಯಿಲ್‌ನಲ್ಲಿ ಸೇರಿರುವುದರಿಂದ ಈ ಸರ್ವೀಸನ್ನು ಮುಂದೂಡುವಂತಿಲ್ಲ. ಚಕ್ರದ ನಟ್ಟುಗಳನ್ನೂ ಆಗಲೇ ಮತ್ತೊಮ್ಮೆ ಬಿಗಿಯಬೇಕು. ಐದು ಎಕರೆ ರಾಗಿ ಹೊಲದ ಮಾಲೀಕನಿಗೆ ಆ 50 ಗಂಟೆ ತುಂಬಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು. ಹಾಗಾಗಿ ಗಂಟೆ ತುಂಬಲಿ ಬಿಡಲಿ, ಸೇವಾ ಪುಸ್ತಕದಲ್ಲಿ ನಮೂದಿಸಿರುವ ತಿಂಗಳ ಗಡುವು ಮುಗಿಯುವ ಮೊದಲೇ ಮೆಕ್ಯಾನಿಕ್‌ನನ್ನು ಕರೆಸಬೇಕು. ಗಡುವು ಮೀರಿದರೆ ವಾರಂಟಿಗೆ ತಕರಾರು ಬರುತ್ತದೆ.